ಕೆನ್ನೆಯ ಮೇಲೆ ಡೆಸ್ಕಿನ ಗುರುತು

ಆಗಿನ ವಾಡಿಯಲ್ಲಿ ನಮ್ಮಂಥ ಮಕ್ಕಳ ಹೊತ್ತು ನಡೆಯುತ್ತಿದ್ದದ್ದು ಗಡಿಯಾರ ನೋಡಿ ಅಲ್ಲ, ಗೂಡ್ಸ್ ಗಾಡಿ ನೋಡಿ. ರೈಲ್ವೆ ಕ್ವಾರ್ಟರ್ಸ್ ಹಳಿಗಳ ಈಚೆ, ಸಿಸ್ಟರುಗಳ ಶಾಲೆ ಆಚೆ. ನಡುವೆ ಕಲ್ಲಿದ್ದಲಿನದೋ ಸಿಮೆಂಟಿನದೋ ಗಾಡಿ ಬಂದು ನಿಂತರೆ ಅದರ ಬಾಲ ಎಲ್ಲಿದೆಯೆಂದು ಕಾಣುತ್ತಿರಲಿಲ್ಲ. ಮೇಲ್ಸೇತುವೆ ಇದ್ದದ್ದು ದೂರದಲ್ಲಿ, ಸ್ಟೇಷನ್ನಿನ ಹತ್ತಿರ. ಹಾಗಾಗಿ ಆಫೀಸಿಗೆ ಹೋಗುವವರು, ಬಾರಿಹಣ್ಣು ಮಾರುವವರು, ನಾವು, ಎಲ್ಲರೂ ವ್ಯಾಗನ್ನಿನ ಕೆಳಗೆ ನುಸುಳಿಯೇ ದಾಟುತ್ತಿದ್ದೆವು. ಅಲ್ಲಿ ಡೀಸೆಲ್ಲಿನ, ಬಿಸಿ ಕಬ್ಬಿಣದ, ಹೇಲಿನ ವಾಸನೆ. ಲಂಗ ಎತ್ತಿ ಹಿಡಿದು, ಉಸಿರು ಕಟ್ಟಿ, ಕಪ್ಪೆಯಂತೆ ಎರಡು ನೆಗೆತ. ಅಷ್ಟೇ ಕೆಲಸ.

ನನ್ನ ಜೊತೆ ನುಸುಳುತ್ತಿದ್ದವಳು ಭಾಗ್ಯ. ಅವರ ಮಂದಿ ಕಾಗಿಣಾ ಹೊಳೆಯ ದಂಡೆಯವರು. ಅವಳ ಅಪ್ಪ ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದ. ನಮ್ಮ ಅಪ್ಪ ಅದೇ ರೈಲ್ವೆಯ ಆಫೀಸಿನಲ್ಲಿ ಕ್ಲಾರ್ಕು. ನಮ್ಮದು ಗುರುವಾರ ತಪ್ಪದೆ ರಾಯರ ಪೂಜೆ ನಡೆಯುವ, ಅಜ್ಜಿಯ ಮಡಿಗೆ ಎಲ್ಲರೂ ಹೆದರುವ ಮನೆ. ನಾಲ್ಕನೆಯ ತರಗತಿಯವರೆಗೆ ನಾವಿಬ್ಬರೂ ಒಂದೇ ಬೆಂಚಿನಲ್ಲಿದ್ದೆವು. ಐದಕ್ಕೆ ಬಂದಾಗ ಮಾರ್ಕ್ಸ್ ನೋಡಿ ತರಗತಿ ಒಡೆದರು. ನಾನು ‘ಎ’, ಅವಳು ‘ಬಿ’. ಅಪ್ಪ ಓಣಿಗೆಲ್ಲ ಪೇಢೆ ಹಂಚಿದರು.

‘ಎ’ಗೆ ಸಿಸ್ಟರ್ ಅಗಾಥಾ ಬಂದರು. ಮೊದಲ ದಿನವೇ ಕರಿಹಲಗೆಯ ಮೇಲಿನ ಮೂಲೆಯಲ್ಲಿ ಒಂದು ಕಣ್ಣು ಬರೆದರು. ರೆಪ್ಪೆ ಇರಲಿಲ್ಲ. “ಇದು ದೇವರ ಕಣ್ಣು. ಇದು ಮುಚ್ಚುವುದಿಲ್ಲ,” ಅಂದರು. ವರ್ಷವಿಡೀ ಡಸ್ಟರು ಆ ಕಣ್ಣನ್ನು ಬಿಟ್ಟು ಸುತ್ತಲೂ ಒರೆಸುತ್ತಿತ್ತು. ತಲೆ ತಗ್ಗಿಸಿದವರು ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಅರ್ಥ. ಅಂಥವರು ಫರ್ಸಿ ಕಲ್ಲಿನ ನೆಲದ ಮೇಲೆ ಮೊಣಕಾಲೂರಿ ಆ ಕಣ್ಣನ್ನೇ ನೋಡುತ್ತಿರಬೇಕು. ದೀಪಾವಳಿ ಬರುವ ಹೊತ್ತಿಗೆ ಆ ಕಣ್ಣು ನಮ್ಮ ಮನೆಗೂ ಬಂದಿತ್ತು. ರಾಯರ ಪಟದ ಮುಂದೆ ನಿಂತರೆ ಅವರೂ ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದಾರೆ ಅನಿಸುತ್ತಿತ್ತು.

‘ಬಿ’ಗೆ ಸಿಸ್ಟರ್ ರೋಸಿ. ಮಂಗಳೂರು ಕಡೆಯವರು, ಅವರು “ಎಂತ?” ಅಂದರೆ ಇಡೀ ತರಗತಿ ನಗುತ್ತಿತ್ತು, ಅವರೂ ನಗುತ್ತಿದ್ದರು. ಆಮೇಲೆ ಭಾಗ್ಯನಿಂದಲೇ “ಯಾಕವಾ” ಅನ್ನಲು ಕಲಿತರು. ದಿನದ ಕೊನೆಗೆ ಅವರ ಮಕ್ಕಳೆಲ್ಲ ಕಣ್ಣು ಮುಚ್ಚಿ ಡೆಸ್ಕಿನ ಮೇಲೆ ತಲೆ ಇಡಬೇಕು. “ಇದು ಡೆಸ್ಕಲ್ಲ ಮಕ್ಕಳೇ, ದೇವರ ತೊಡೆ. ಯಾವ ದೇವರು ಅಂತ ನಾನು ಕೇಳುವುದಿಲ್ಲ. ಬೆಲ್ ಹೊಡೆಯುವವರೆಗೆ ಎತ್ತಬೇಡಿ,” ಅನ್ನುತ್ತಿದ್ದರಂತೆ. ನಡುವಿನ ಗೋಡೆಯಾಚೆ ಆ ಹೊತ್ತಿಗೆ ಬೀಳುತ್ತಿದ್ದ ಸದ್ದಿಲ್ಲದ ಸದ್ದು ನನಗೆ ಇತ್ತ ಕೇಳುತ್ತಿತ್ತು. ಬೆಲ್ ಆದ ಮೇಲೆ ಅವರೆಲ್ಲ ಒಂದು ಕೆನ್ನೆ ಕೆಂಪಾಗಿ, ಅದರ ಮೇಲೆ ಕಟ್ಟಿಗೆಯ ಗೆರೆ ಮೂಡಿಸಿಕೊಂಡು ಹೊರಗೆ ಬರುತ್ತಿದ್ದರು. ಆ ಗೆರೆ ನನಗೂ ಬೇಕೆನಿಸುತ್ತಿತ್ತು. ಮನೆಯಲ್ಲಿ ಊಟದ ಮಣೆಯ ಮೇಲೆ ಕೆನ್ನೆ ಒತ್ತಿ ನೋಡಿದ್ದೇನೆ. ಗುರುತು ಬೀಳುತ್ತಿತ್ತು. ಆದರೆ ಬರೀ ಗುರುತು.

ನನ್ನನ್ನು ‘ಬಿ’ಗೆ ಹಾಕಿಸಿ ಎಂದು ಅಪ್ಪನನ್ನು ಕೇಳಿಯೂ ನೋಡಿದೆ. “ಮಂದಿ ‘ಎ’ ಸಿಗಲಿ ಅಂತ ಹೆಡ್ ಸಿಸ್ಟರ್ ಕಾಲ ಹಿಡಿಲಿಕತ್ತಾರ, ನೀ ‘ಬಿ’ ಬೇಡ್ತಿ? ಹುಚ್ಚಿ,” ಅಂದು ಪೇಪರಿನಲ್ಲಿ ಮುಖ ಇಟ್ಟರು.

ಅದು ಬಾರಿಹಣ್ಣಿನ ಕಾಲ. ಒಂದು ಸಂಜೆ ಶಾಲೆ ಬಿಟ್ಟು ಬರುವಾಗ ಎಂದಿನಂತೆ ಗಾಡಿ ನಿಂತಿತ್ತು. ಬಾಯಲ್ಲಿ ಬೀಜ ಚೀಪುತ್ತಾ ನಾನು ಮೊದಲು ನುಸುಳಿ ಈಚೆ ಬಂದೆ. ಲಂಗ ಝಾಡಿಸಿಕೊಂಡು ಹಿಂದೆ ತಿರುಗಿದೆ. ಭಾಗ್ಯ ಎರಡು ಹಳಿಗಳ ನಡುವೆ ಇದ್ದಳು. ಆಗ ಇಂಜಿನ್ನಿನ ಕಡೆಯಿಂದ ಧಡ್, ಧಡ್, ಧಡ್ ಎಂದು ಡಬ್ಬಿಗೆ ಡಬ್ಬಿ ಬಡಿಯುತ್ತಾ ಸದ್ದು ಓಡಿಬಂತು. ಸೀಟಿ ಊದಲೇ ಇಲ್ಲವೋ, ನಮಗೇ ಕೇಳಲಿಲ್ಲವೋ ಗೊತ್ತಿಲ್ಲ. ನನ್ನ ಕಣ್ಣ ಮುಂದಿನ ಗಾಲಿ ಉರುಳಿತು.

ಬಾರಿಹಣ್ಣು ಮಾರುವ ಮುದುಕಿ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದಳು. ನನಗೆ ಗಾಲಿ ಮತ್ತು ಗಾಲಿಯ ನಡುವೆ ಭಾಗ್ಯನ ನೀಲಿ ಲಂಗ ಕಾಣುತ್ತಿತ್ತು, ಮರೆಯಾಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಅಲುಗಾಡುತ್ತಿರಲಿಲ್ಲ. ನಾನು ದೇವರನ್ನು ಕರೆಯಲು ಹೋದೆ. ಬಂದದ್ದು ಕಣ್ಣು. ‘ತಪ್ಪಾಯಿತು, ಇನ್ನೊಮ್ಮೆ ನುಸುಳುವುದಿಲ್ಲ’ ಎಂದು ಬೇಡಿದೆನೇ ಹೊರತು, ‘ಅವಳನ್ನು ಉಳಿಸು’ ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ.

ಕೊನೆಯ ಡಬ್ಬಿ ದಾಟಿ ಬೆಳಕು ಬಂತು. ಭಾಗ್ಯ ಬೋರಲು ಬಿದ್ದಿದ್ದಳು, ಒಂದು ಕೆನ್ನೆ ಜಲ್ಲಿಗೆ ಆನಿಸಿ, ಕೈ ಮಡಚಿ, ಥೇಟ್ ಡೆಸ್ಕಿನ ಮೇಲೆ ಮಲಗಿದಂತೆ. ಮುದುಕಿ ಮುಟ್ಟಿದ ಮೇಲೆ ಕಣ್ಣು ಬಿಟ್ಟಳು.

“ಗಾಡಿ ಹೋತೇನಬೇ?” ಅಂದಳು.

ಕೆನ್ನೆಯ ಮೇಲೆ ಜಲ್ಲಿಕಲ್ಲಿನ ಗುರುತು ಅಚ್ಚಾಗಿ ಬಿದ್ದಿತ್ತು.

ಆ ಸಂಜೆ ಅವರ ಮನೆ ತುಂಬ ಜನ. ಅವಳ ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಳು. ಆ ಘಾಟಿನೊಳಗೇ ಸಿಸ್ಟರ್ ರೋಸಿ ಬಂದರು. ಭಾಗ್ಯನ ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಅಳುತ್ತಾ ಕೂತರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಯಾರೂ ಕರೆಯಲಿಲ್ಲ. ನನಗೇನಾಗಿತ್ತು, ಕರೆಯಲಿಕ್ಕೆ? ಆ ಗಾಡಿಯ ಕೆಳಗೆ ನಾನೇ ಸಿಗಬಾರದಿತ್ತೇ ಎಂದು ಆಸೆಪಟ್ಟೆ.

ಮರುದಿನ ಭಾಗ್ಯನನ್ನು ಕೇಳಿದೆ, “ಅಂಜಿಕಿ ಬರಲಿಲ್ಲೇನ ನಿನಗ?”

“ಬಂತಲ್ಲ, ಭಾಳ ಬಂತು. ಅದಕ್ಕ ತಲಿ ಇಟ್ಟೆ. ಬೆಲ್ ಹೊಡಿಯೋತನ ಎತ್ತಬ್ಯಾಡ್ರಿ ಅಂತಾರಲ್ಲ, ಹಂಗ.”

ನಮ್ಮ ತರಗತಿಯಲ್ಲಿ ಸಿಸ್ಟರ್ ಅಗಾಥಾ ಹಲಗೆಯ ಮೂಲೆಯ ಕಣ್ಣನ್ನು ಮತ್ತೊಮ್ಮೆ ದಪ್ಪಗೆ ತಿದ್ದಿದರು. “ದೇವರು ನೋಡಿದ್ದಾನೆ. ಈ ಸಾರಿ ಬಿಟ್ಟಿದ್ದಾನೆ,” ಅಂದರು. ಹಾಗೆ ಅನ್ನುವಾಗ ನಮ್ಮನ್ನಲ್ಲ, ಆ ಕಣ್ಣನ್ನೇ ನೋಡುತ್ತಿದ್ದರು. ಅವರಿಗೂ ಸಣ್ಣವರಿದ್ದಾಗ ಯಾರೋ ಇಂಥದೊಂದು ಕಣ್ಣು ಬರೆದುಕೊಟ್ಟಿರಬೇಕು ಎಂದು ನನಗೆ ಹೊಳೆದದ್ದು ಕಾಲೇಜು ಮುಗಿಸಿದ ಮೇಲೆ.

ಇಂದಿಗೂ ನಿದ್ದೆಯಲ್ಲಿ ಆ ಧಡ್ ಧಡ್ ಓಡಿಬರುತ್ತದೆ. ಕನಸಿನಲ್ಲಿ ಗಾಡಿಯ ಕೆಳಗೆ ಇರುವುದು ನಾನೇ, ಮತ್ತು ಪ್ರತಿಸಲವೂ ಯಾರು ನೋಡುತ್ತಿದ್ದಾರೆಂದು ತಲೆ ಎತ್ತುತ್ತೇನೆ. ಅಲ್ಲಿಗೆ ಎಚ್ಚರವಾಗುತ್ತದೆ. ಅಂದು ನಾನು ಎರಡನೆಯವಳಾಗಿ ನುಸುಳಿದ್ದರೆ ಖಂಡಿತ ಎತ್ತುತ್ತಿದ್ದೆ.

ಹಳಿಯ ಉದ್ದಕ್ಕೂ ಈಗ ಗೋಡೆ ಎದ್ದಿದೆ, ನುಸುಳುವವರಿಲ್ಲ. ಸಿಸ್ಟರ್ ರೋಸಿ ಆ ವರ್ಷದ ಕೊನೆಗೇ ವರ್ಗವಾಗಿ ಹೋದರು. ಬಾರಿಹಣ್ಣಿನ ಮುದುಕಿಯೂ ಇಲ್ಲ. ಹೋದದ್ದನ್ನು ಲೆಕ್ಕ ಹಾಕಲು ಕೂತರೆ ನನ್ನ ಪಾಲಿಗೆ ಬರುವುದು ನನ್ನ ಕೈಗೆ ಎಂದೂ ಸಿಗದ ಒಂದು ಡೆಸ್ಕು.

ಹೋದ ವರ್ಷ ಕಲಬುರಗಿಯ ಆಸ್ಪತ್ರೆಯಲ್ಲಿ ಅಪ್ಪನಿಗೆ ಆಪರೇಷನ್ ಆಯಿತು. ಚಿತ್ತಾಪುರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಭಾಗ್ಯ ಸುದ್ದಿ ತಿಳಿದು ಬಂದಳು. ಹೊರಗೆ ಬೆಂಚಿನ ಮೇಲೆ ನಾನು ರಾಯರ ಸ್ತೋತ್ರ ಹೇಳುತ್ತಾ, ಒಂದಕ್ಷರ ತಪ್ಪಿದರೆ ಮತ್ತೆ ಮೊದಲಿನಿಂದ ಹಿಡಿಯುತ್ತಾ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ. ಕಣ್ಣು ಎದುರುಗೋಡೆಯ ಮೇಲಿನ ಮೂಲೆಯಲ್ಲಿತ್ತು. ಭಾಗ್ಯ, “ಅಪ್ಪಾವ್ರಿಗಿ ಏನೂ ಆಗಂಗಿಲ್ಲ ತಗೋ ವಸೂ,” ಅಂದು ಪಕ್ಕದಲ್ಲಿ ಕೂತು, ಮುಂದಿನ ಬೆಂಚಿನ ಬೆನ್ನ ಮೇಲೆ ಕೈ ಮಡಚಿ ತಲೆ ಇಟ್ಟಳು. ಡಾಕ್ಟರು ಬಾಗಿಲು ತೆರೆಯುವವರೆಗೆ ಎತ್ತಲಿಲ್ಲ.

ಅಪ್ಪ ಉಳಿದರು. ಭಾಗ್ಯ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡಳು. ಕೆನ್ನೆಯ ಮೇಲೆ ಅವಳ ಬಳೆಯ ಗುರುತು ಕೆಂಪಗೆ ಮೂಡಿತ್ತು. ಅಪ್ಪ ಉಳಿದ ಆ ಗಳಿಗೆಯಲ್ಲೂ ನಾನು ನೋಡುತ್ತಿದ್ದದ್ದು ಅದನ್ನೇ.