ಜ್ವರದ ಬಟನ್ನು

ಬದನೆಕಾಯಿ ಕೊಳ್ಳುವಾಗಲೂ ತೊಟ್ಟು ಹಿಡಿದು ನೋಡದೆ ಬುಟ್ಟಿಗೆ ಹಾಕಿದವಳಲ್ಲ ದೊಡ್ಡಬಳ್ಳಾಪುರದ ಕಡೆಯ ಮಧುರೆಯ ಶಶಿರೇಖಾ. ಅಂಥವಳನ್ನು ಗೋಡೆಗೆ ಅಂಟಿಕೊಂಡಿದ್ದ ಒಂದು ಬಿಳಿ ಡಬ್ಬಿ ಮೂರು ಬೆಳೆಯಿಂದ ಆಟ ಆಡಿಸುತ್ತಿತ್ತು. ಊರಿನವರಿಗೆ ಅದು ನಗು. ಅವಳಿಗೆ ಮಾತ್ರ ಆ ಡಬ್ಬಿಯ ಮುಖ ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಅವಳದು ಚಾಕಿ ಕಟ್ಟುವ ಕೆಲಸ. ರೇಷ್ಮೆ ಮೊಟ್ಟೆ ಒಡೆದು ಇರುವೆಗಿಂತ ಸಣ್ಣ ಹುಳ ಹೊರಬಂದಾಗಿನಿಂದ ಎರಡನೇ ಜ್ವರ ದಾಟುವವರೆಗೆ ಸಾಕಿ, ಸುತ್ತಲಿನ ರೈತರಿಗೆ ಕೊಡಬೇಕು. ಹೆರಿಗೆ ವಾರ್ಡು, ಅಂಗನವಾಡಿ ಎರಡೂ ಅವಳೇ ಅನ್ನಿ. ಹುಳ ಬೆಳೆಯುವಾಗ ಆಗಾಗ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು ಹಳೇ ಚರ್ಮ ಕಳಚುತ್ತದೆ. ಅದಕ್ಕೆ ರೇಷ್ಮೆಯವರೆಲ್ಲ ಹೇಳುವುದು ಜ್ವರ ಎಂದೇ. ಹುಳ ಜ್ವರಕ್ಕೆ ಕೂತಾಗ ಕೋಣೆಯಲ್ಲಿ ತೇವ ಕಡಿಮೆ ಮಾಡಬೇಕು, ಸುಣ್ಣದ ಪುಡಿ ಉದುರಿಸಬೇಕು, ಬಾಗಿಲು ಹಾಕಿ ಸುಮ್ಮನಿರಬೇಕು. ಆಗ ಒಳಗೆ ಹೋಗಿ ಬಂದು ಮಾಡಿದರೆ ಅತ್ತೆ ಅಮ್ಮಯಮ್ಮ ಸೊಸೆ ಅಂತಲೂ ನೋಡುತ್ತಿರಲಿಲ್ಲ. "ಮಲಗಿರೋ ಮಗೀನ ಕಣ್ಣಿಗೆ ಬೆಟ್ಟು ಹಾಕ್ತೀಯೇನೆ?" ಎಂದು ಬೈಯುತ್ತಿದ್ದಳು.

ಆ ಕೋಣೆ ಹಿಂದೆ ದನದ ಕೊಟ್ಟಿಗೆ. ಶಶಿರೇಖಾ ತರಬೇತಿ ಮುಗಿಸಿ ಬಂದು, ಹಟ ಹಿಡಿದು, ಅದಕ್ಕೆ ಗಾರೆ ಮಾಡಿಸಿ, ಸುಣ್ಣ ಬಳಿದು ಚಾಕಿ ಮನೆ ಮಾಡಿದ್ದಳು. ಅದಕ್ಕೆ ಮೊದಲು ಅವಳು ಊರಿನ ಬಾಯಲ್ಲಿ ಬೈರೇಶನ ಹೆಂಡತಿ, ಇಲ್ಲವೇ ಅಮ್ಮಯಮ್ಮನ ಸೊಸೆ. ಕೋಣೆ ಬಂದ ಮೇಲೆ ಚಾಕಿ ಶಶಮ್ಮ ಆದಳು. ಆ ಹೆಸರಿನ ಮೇಲೆ ಅವಳಿಗೆ ಎಷ್ಟು ಆಸೆ ಎಂಬುದನ್ನು ಅವಳು ಗಂಡನಿಗೂ ಬಿಟ್ಟುಕೊಟ್ಟಿರಲಿಲ್ಲ.

ಹೀಟರು, ಏಸಿ, ತೇವ ಊದುವ ಮಿಷಿನ್ನು ಮೂರನ್ನೂ ಫೋನಿನಿಂದಲೇ ನಡೆಸುವ ಡಬ್ಬಿಯನ್ನು ಆಸೆಪಟ್ಟು ಹಾಕಿಸಿದ್ದು ಅವಳೇ. ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ. ಬೇರೆ ದಿನವೆಲ್ಲ ಡಬ್ಬಿ ಸಾಕ್ಷಾತ್ ದೇವರು. ಹುಳ ಜ್ವರಕ್ಕೆ ಕೂತ ದಿನ ಮಾತ್ರ ಕೋಣೆ ತಣ್ಣಗಾಗಿಬಿಡುತ್ತಿತ್ತು. ಫೋನಿನಲ್ಲಿ ಶಾಖ ಏರಿಸಿದರೆ ಒಂದು ಗಳಿಗೆ ಏರಿದಂತೆ ಮಾಡಿ ಮತ್ತೆ ಇಳಿಯುತ್ತಿತ್ತು. ಹುಳ ಒಟ್ಟಿಗೆ ಏಳುತ್ತಿರಲಿಲ್ಲ. ಅರ್ಧ ಎದ್ದು ಸೊಪ್ಪಿಗೆ ಬಾಯಿ ಬಿಡುತ್ತಿದ್ದವು, ಇನ್ನರ್ಧ ಕೂತೇ ಇರುತ್ತಿದ್ದವು. ಅಂಥ ಹುಳ ಒಯ್ದ ರೈತ ಯಾವುದಕ್ಕೆಂದು ಸೊಪ್ಪು ಹಾಕಬೇಕು?

ಮೊದಲನೇ ಬೆಳೆಗೆ ಹೊಸ ಡಬ್ಬಿ ಅಂದುಕೊಂಡಳು. ಎರಡನೇ ಬೆಳೆಗೆ ಸೊಪ್ಪನ್ನು ಬೈದಳು. ಮೂರನೇ ಬೆಳೆಗೆ ಬೈಯಲು ಯಾರೂ ಉಳಿಯಲಿಲ್ಲ. ಶುರುವಿನಿಂದ ಅವಳ ಹತ್ತಿರವೇ ಚಾಕಿ ಒಯ್ಯುತ್ತಿದ್ದ ರಾಮಾಂಜಿನಪ್ಪ ಜಗಲಿಯಲ್ಲೇ ನಿಂತು, "ಮುಂದಿನ ಬೆಳೆ ಬಂದು ನೋಡ್ತೀನಿ ಕಣಮ್ಮ. ಒಟ್ಗೆ ಎದ್ದಿದ್ರೆ ತಗೊಂಡೋಗ್ತೀನಿ, ಇಲ್ದಿದ್ರೆ ಇಲ್ಲ" ಅಂದ. ಅವನು ಬಿಟ್ಟರೆ ಉಳಿದವರೂ ಬಿಡುತ್ತಾರೆ. ಆಮೇಲೆ ದಾರಿ ಹಿಡಿದು ಫೋನಿನಲ್ಲಿ ಯಾರಿಗೋ, "ಬೈರೇಶನ ಹೆಂಡ್ತಿ ಹತ್ರ ಬಂದಿದ್ದೆ" ಎಂದು ಹೇಳುತ್ತಾ ಹೋದದ್ದು ಅವಳ ಕಿವಿಗೆ ಬಿತ್ತು. ಆ ರಾತ್ರಿ ಅವಳು ಸರಿಯಾಗಿ ಊಟ ಮಾಡಲಿಲ್ಲ.

ನೆಲಮಂಗಲದ ಗೋಡೌನೊಂದರಲ್ಲಿ ಲೆಕ್ಕ ಬರೆಯುವ ಬೈರೇಶ್ ಕೆಟ್ಟವನೇನಲ್ಲ. "ಪಾರ್ಸೆಲ್ ಕಂಪನಿಯೋರು ಈ ಕಡೆ ರೂಮ್ ಹುಡುಕ್ತಾವ್ರೆ ಕಣೆ. ಮುಂದಿನ ಬೆಳೆನೂ ಕೆಟ್ರೆ ಚಾಕಿ ಕೋಣೇನ ಬಾಡಿಗೆಗೆ ಕೊಟ್ಬಿಡಾಣ. ನಿಂಗೂ ಸುಸ್ತಾಗಿದೆ" ಅಂದ.

"ಸುಸ್ತಾಗಿದ್ರೆ ನಾನೇ ಹೇಳ್ತೀನಿ ಬಿಡ್ರೀ" ಎಂದು ಮಾತು ಮುಗಿಸಿದಳು.

ಡಬ್ಬಿ ಹಾಕಿಹೋದವನು ಕಂಪನಿ ಬಿಟ್ಟಿದ್ದ, ಫೋನ್ ಎತ್ತುತ್ತಿರಲಿಲ್ಲ. ಮುಂದಿನ ಮೊಟ್ಟೆ ಬರುವುದಕ್ಕೆ ಒಂದು ವಾರವಿತ್ತು. ಮೂರು ಕಡೆಯಿಂದ ಕೊಟೇಶನ್ ತರಿಸುವುದು, ಮೂವರಿಗೂ ಒಂದೇ ಪ್ರಶ್ನೆ ಕೇಳುವುದು ಎಂದು ಶಶಿರೇಖಾ ತೀರ್ಮಾನ ಮಾಡಿದಳು.

ಮೊದಲು ಬಂದವನು ಬೆಂಗಳೂರಿನ ಕಂಪನಿಯವನು. ಮೈಗೆ ಅತ್ತರು, ಮಾತಿಗೆ ಮ್ಯಾಮ್. "ಬೇರೆ ದಿನ ಸರಿಯಿರುತ್ತೆ, ಜ್ವರದ ದಿನ ಮಾತ್ರ ಯಾಕೆ ತಣ್ಣಗಾಗುತ್ತೆ?" ಎಂದು ಕೇಳಿದಳು. ಅವನು ಎಲ್ಲ ತಿಳಿದವನಂತೆ ತಲೆಯಾಡಿಸಿ, "ಸೆನ್ಸರ್ ಪ್ರಾಬ್ಲಂ ಮ್ಯಾಮ್, ಪೂರ್ತಿ ಯೂನಿಟ್ ಚೇಂಜ್ ಮಾಡ್ಬೇಕು" ಅಂದ. ಸಂಜೆಯೊಳಗೆ ಕೊಟೇಶನ್ ಬಂತು. ಹಳೇ ಡಬ್ಬಿಗೆ ಕೊಟ್ಟಿದ್ದಕ್ಕಿಂತ ಜಾಸ್ತಿ.

ಎರಡನೆಯವನು ದೊಡ್ಡಬಳ್ಳಾಪುರದಲ್ಲಿ ಫ್ರಿಜ್ಜು ರಿಪೇರಿ ಮಾಡುವ ಆಂಜಿನಪ್ಪ. ಪ್ರಶ್ನೆ ಮುಗಿಯುವ ಮೊದಲೇ ನಕ್ಕುಬಿಟ್ಟ. "ಮಿಷಿನ್‌ಗೇನ್ ಗೊತ್ತಮ್ಮ ಜ್ವರ ಗಿರ? ಕಿತ್ತಾಕಿ ಅತ್ಲಾಗೆ. ಕೈಲಿ ತಿರುಗ್ಸೋ ಹಳೇ ಕಾಲದ್ದು ಹಾಕ್ಕೊಡ್ತೀನಿ." ಇವನ ಕೊಟೇಶನ್ನು ಮೊದಲನೆಯದರ ಕಾಲು ಭಾಗ. ಬೈರೇಶನಿಗೆ ಅದು ಹಿಡಿಸಿತು. ಇದ್ದಿಲ ಒಲೆ ಇಟ್ಟು ಹುಳ ಸಾಕಿದ್ದ ಅಮ್ಮಯಮ್ಮನಿಗಂತೂ ಬಹಳ ಹಿಡಿಸಿತು.

"ಅಗ್ಗ ಸರಿ ಅತ್ತೆ. ನಾನು ಕೇಳಿದ್ದಕ್ಕೆ ಉತ್ತರ ಎಲ್ಲಿ?" ಅಂದಳು ಶಶಿರೇಖಾ.

ಮೂರನೆಯವನು ತ್ಯಾಮಗೊಂಡ್ಲಿನ ನರೇಶ್, ಹೆದ್ದಾರಿಯ ಗೋಡೌನುಗಳಲ್ಲಿ ಕೋಲ್ಡ್ ರೂಮು ನೋಡಿಕೊಳ್ಳುವವನು. ಚಪ್ಪಲಿ ಹೊರಗೆ ಬಿಟ್ಟು ಬಂದ. ಅವಳ ಪ್ರಶ್ನೆ ಪೂರ್ತಿ ಕೇಳಿದ. ಆಮೇಲೆ ಸ್ವಲ್ಪ ಸಂಕೋಚದಿಂದಲೇ ಬಾಯಿಬಿಟ್ಟ.

"ಬೇಜಾರ್ ಮಾಡ್ಕೋಬೇಡಿ ಅಕ್ಕ. ನಮ್ ಕಡೆ ತೆಂಗು, ಅಡಿಕೆ. ಹುಳ ಸಾಕೋದು ನಾನ್ ಕಂಡಿಲ್ಲ. ಹುಳಕ್ಕೆ ಜ್ವರ ಬಂದ್ರೆ ಡಾಕ್ಟ್ರನ್ನ ಕರೀತೀರಾ?"

ಅಮ್ಮಯಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಶಶಿರೇಖಾಳಿಗೂ ನಗು ಬಂತು. "ಅಯ್ಯೋ, ಆ ಜ್ವರ ಅಲ್ಲ ಕಣಪ್ಪಾ. ಮೈ ಏನ್ ಸುಡಲ್ಲ. ಚರ್ಮ ಬಿಡೋದಕ್ಕೆ ನಾವು ಜ್ವರ ಅಂತೀ..."

ಮಾತು ಅಲ್ಲಿಗೇ ನಿಂತಿತು. ಫೋನ್ ತೆಗೆದು ನೋಡಿದಳು. ಡಬ್ಬಿಯ ಪರದೆಯಲ್ಲಿ ಒಂದು ನೀಲಿ ಬಟನ್ನು, ಅದರ ಮೇಲೆ "ಜ್ವರ" ಎಂದು ಕನ್ನಡದಲ್ಲೇ ಬರೆದಿತ್ತು. ಡಬ್ಬಿ ಹಾಕಿದವನಿಗೆ, "ಜ್ವರಕ್ಕೂ ಒಂದು ಬಟನ್ ಮಾಡ್ಕೊಡಪ್ಪಾ, ಆವತ್ತು ಹುಷಾರಾಗಿ ನೋಡ್ಕೋಬೇಕು" ಎಂದು ಹೇಳಿ ಮಾಡಿಸಿದ್ದವಳು ಅವಳೇ. ಅವನು ಆಯ್ತು ಎಂದು ತಲೆಯಾಡಿಸಿದ್ದ. ಜ್ವರ ಎಂದರೆ ಏನು ಎಂದು ಅವನೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

"ಈಗ ಒತ್ತಿ ನೋಡಾಣ ಅಕ್ಕ" ಅಂದ ನರೇಶ್.

ಖಾಲಿ ಕೋಣೆಯ ಬಾಗಿಲು ಹಾರುಹೊಡೆದು ಬಟನ್ನು ಒತ್ತಿದಳು. ಹೀಟರು ಆರಿತು. ಏಸಿ ಗುರ್ ಎಂದು ಶುರುವಾಯಿತು. ತೇವ ಊದುವ ಮಿಷಿನ್ನೂ ಹಣೆಗೆ ಒದ್ದೆ ಬಟ್ಟೆ ಹಾಕುವಂತೆ ಜೋರಾಗಿ ಊದತೊಡಗಿತು. ಪಾಪ, ಡಬ್ಬಿ ಹಾಕಿದ ಹುಡುಗ ತನಗೆ ಜ್ವರ ಬಂದಾಗ ತಾಯಿ ಮಾಡುತ್ತಿದ್ದ ಶುಶ್ರೂಷೆಯನ್ನೇ ಹುಳಕ್ಕೂ ಮಾಡಿಟ್ಟಿದ್ದ. ಬಟನ್ನು ಒತ್ತಿದ ಮೇಲೆ ಬಾಗಿಲು ಹಾಕುವುದೇ ಪದ್ಧತಿಯಾದ್ದರಿಂದ ಇದನ್ನು ಕಂಡವರೇ ಇರಲಿಲ್ಲ. ಏಸಿ ಸದ್ದು ಹೊರಗೆ ಕೇಳಿದರೂ ದಿನದ ಸದ್ದೇ ಅಂದುಕೊಂಡಿದ್ದರು. ಶಶಿರೇಖಾಳಿಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಎರಡನ್ನೂ ಬದಿಗಿಟ್ಟು ಸ್ಟೂಲು ಎಳೆದು ಕೂತಳು.

"ಶಾಖ ಇದ್ದಂಗೇ ಇರ್ಬೇಕು. ತೇವ ಮಾತ್ರ ಇಳೀಬೇಕು. ಬರ್ಕೋ" ಅಂದಳು. ನರೇಶ್ ಅವಳು ಹೇಳಿದಂತೆಯೇ ಬದಲಾಯಿಸಿದ. ಅವಳು ಬಿಡಲಿಲ್ಲ. ಮಧ್ಯಾಹ್ನದವರೆಗೂ ಒತ್ತಿಸಿ, ಬಿಡಿಸಿ, ಮತ್ತೆ ಒತ್ತಿಸಿ ನೋಡಿದಳು. ಬಟನ್ನಿನ ಹೆಸರು ಬದಲಾಯಿಸಲೇ ಎಂದು ಅವನು ಕೇಳಿದ್ದಕ್ಕೆ, "ಬ್ಯಾಡ, ನಮ್ ಮಾತು ಅದು. ಇರ್ಲಿ" ಅಂದಳು.

"ನಿನ್ ಕೊಟೇಶನ್ ಕೊಡಪ್ಪಾ."

"ಕೆಟ್ಟೇ ಇಲ್ದಿದ್ದಕ್ಕೆ ಏನ್ ಕೊಟೇಶನ್ ಅಕ್ಕ? ಬಂದೋಗಿದ್ ಖರ್ಚು ಕೊಡಿ ಸಾಕು."

ಅದನ್ನು ಕೊಟ್ಟಳು. ಜೊತೆಗೆ ವರ್ಷವಿಡೀ ನೋಡಿಕೊಳ್ಳುವ ಕೆಲಸವನ್ನೂ ಅವನಿಗೇ ಒಪ್ಪಿಸಿದಳು.

ಮೊಟ್ಟೆ ಬಂದವು, ಹುಳ ಆದವು. ಮೊದಲನೇ ಜ್ವರ ಸಲೀಸಾಗಿ ಕಳೆಯಿತು. ಎರಡನೆಯದಕ್ಕೆ ಕೂತಾಗ ಸುಣ್ಣ ಉದುರಿಸಿ, ಬಟನ್ನು ಒತ್ತಿ, ಬಾಗಿಲು ಹಾಕಿಕೊಂಡು ಹೊರಗೆ ಕೂತಳು. ಕಿವಿಯೆಲ್ಲ ಒಳಗೇ ಇತ್ತು. ಏಸಿ ಸದ್ದು ಬರಲಿಲ್ಲ.

ಹುಳ ಏಳುವ ದಿನ ರಾಮಾಂಜಿನಪ್ಪ ಹೇಳಿದಂತೆ ಬಂದ. ಬೈರೇಶನೂ ಕೆಲಸಕ್ಕೆ ಹೋಗದೆ ಬಾಗಿಲ ಬಳಿ ನಿಂತಿದ್ದ. ರಾಮಾಂಜಿನಪ್ಪ ಒಂದು ಟ್ರೇ ನೋಡಿದ, ತೃಪ್ತಿಯಾಗದೆ ತಳದಲ್ಲಿದ್ದದ್ದನ್ನೂ ಎಳೆಸಿ ನೋಡಿದ. ಎಲ್ಲದರಲ್ಲೂ ಹುಳ ಒಂದೂ ಬಿಡದಂತೆ ಎದ್ದು ಸೊಪ್ಪಿಗೆ ತಡಕಾಡುತ್ತಿದ್ದವು. ಅವನು ಹೊಗಳಲಿಲ್ಲ. ಜೇಬಿನಿಂದ ಫೋನ್ ತೆಗೆದು ಮನೆಗೆ ಮಾಡಿದ.

"ಗಾಡಿ ಕಳ್ಸು. ಎಲ್ಲಿಗಾ? ಇನ್ನೆಲ್ಲಿಗೆ, ಚಾಕಿ ಶಶಮ್ಮನ ಮನೆಗೆ!"

ಶಶಿರೇಖಾ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ಕಣ್ಣು ತುಂಬಿ ಬಂದಿತ್ತು.