ಬೆಂಡಣ್ಣ ನೋಡದೆ ಬಿಟ್ಟ ಗ್ರಹಣಗಳು

ಸೈಕಲ್ ಚಕ್ರ ಎಷ್ಟೇ ಸೊಟ್ಟಗಾಗಿರಲಿ, ಬೆಂಡಣ್ಣನ ಕೈಗೆ ಬಂದರೆ ಸೊಲ್ಲೆತ್ತದೆ ನೆಟ್ಟಗಾಗುತ್ತಿತ್ತು. ಬೆಂಡು ತೆಗೆಯುವುದೇ ಅವನ ಕಸುಬು, ಅದರಿಂದಲೇ ಆ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಯಾವುದೆಂದು ಕೇಳಿದರೆ ಅವನೇ ಒಂದು ಗಳಿಗೆ ತಡವರಿಸುತ್ತಿದ್ದ. ಚಕ್ರವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ತಿರುಗಿಸಿ, ರಿಮ್ಮು ಎಲ್ಲಿ ವಾಲುತ್ತದೆಂದು ಬಲಗಣ್ಣಿನಲ್ಲಿ ನೋಡಿ, ಒಂದು ಕಡ್ಡಿ ಬಿಗಿ ಮಾಡುವುದು, ಇನ್ನೊಂದು ಸಡಿಲ ಮಾಡುವುದು, ದಿನವಿಡೀ ಇದೇ ಕೆಲಸ. "ಬೇರೆಯವರು ಗುರಿ ನೋಡೋಕೆ ಒಂದು ಕಣ್ಣು ಮುಚ್ಕೋಬೇಕು. ನನಗೆ ಆ ಕಷ್ಟ ಇಲ್ಲ" ಎಂದು ಗಿರಾಕಿಗಳನ್ನು ನಗಿಸುತ್ತಿದ್ದ. ಅಂಗಡಿಯ ಮೂಲೆಯಲ್ಲಿ ಕೂತು ಸೀಟಿನ ಕವರು ಹೊಲಿಯುತ್ತಿದ್ದ ಹೆಂಡತಿ ಮಾತ್ರ ಈ ಮಾತಿಗೆ ಒಮ್ಮೆಯೂ ನಕ್ಕವಳಲ್ಲ.

ಎಡಗಣ್ಣು ಹೋದದ್ದು ಹುಡುಗಾಟದಲ್ಲಿ. ಸಣ್ಣವನಿದ್ದಾಗ ಒಂದು ಸೂರ್ಯಗ್ರಹಣದ ದಿನ, ಬೇಡ ಬೇಡ ಎಂದರೂ ಕೇಳದೆ, ಮುಷ್ಟಿಯನ್ನೇ ದುರ್ಬೀನು ಮಾಡಿಕೊಂಡು, ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ಸೂರ್ಯನನ್ನು ದಿಟ್ಟಿಸಿದ್ದ. ನೋವಾಗಲಿಲ್ಲ, ಉರಿಯಲೂ ಇಲ್ಲ. ಹಾಳಾದ್ದು ಒಂದಿಷ್ಟು ಉರಿದಿದ್ದರೆ ಕಣ್ಣು ತಿರುಗಿಸುತ್ತಿದ್ದನಲ್ಲ! ಮರುದಿನ ಬೆಳಿಗ್ಗೆ ಎದ್ದರೆ ಆ ಕಣ್ಣಿಗೆ ಅಮ್ಮನ ತಲೆಗೂದಲು ಕಂಡಿತು, ಕಿವಿ ಕಂಡಿತು, ಮುಖ ಇರಬೇಕಾದಲ್ಲಿ ಬೂದು ಕಲೆ ಇತ್ತು. ಆ ಕಲೆ ಮತ್ತೆ ಹೋಗಲಿಲ್ಲ. ಅಂದಿನಿಂದ ಸೂರ್ಯನದಾಗಲಿ ಚಂದ್ರನದಾಗಲಿ, ಗ್ರಹಣವೆಂದರೆ ಅಮ್ಮ ಅವನನ್ನು ಒಳಗೆ ಹಾಕಿ ಬಾಗಿಲಿಗೆ ಅಡ್ಡ ಕೂರುತ್ತಿದ್ದಳು. ಅಮ್ಮನ ನಂತರ ಆ ಕಾವಲು ಹೆಂಡತಿಯ ಪಾಲಿಗೆ ಬಂತು. ಉಳಿದಿರುವುದು ಒಂದೇ ಕಣ್ಣು, ಅದೂ ಹೋದರೆ ಅಂಗಡಿಗೂ ಬೀಗ, ಬದುಕಿಗೂ ಬೀಗ.

ಆದರೆ ಕುತೂಹಲವೇನು ಕಣ್ಣಿನ ಜೊತೆ ಸುಟ್ಟುಹೋಗುತ್ತದೆಯೇ? ತನ್ನ ಕಣ್ಣು ತಿಂದದ್ದು ಏನು, ಅದು ಆಗುವುದಾದರೂ ಹೇಗೆ ಎಂದು ಬೆಂಡಣ್ಣನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಯಾರನ್ನಾದರೂ ಕೇಳೋಣವೆಂದರೆ, ಈ ವಯಸ್ಸಿನಲ್ಲಿ ಇವನಿಗೆ ಇದೆಲ್ಲ ಯಾಕೆ ಎಂದಾರು ಎಂಬ ಸಂಕೋಚ ಬೇರೆ.

ಒಂದು ಮಧ್ಯಾಹ್ನ ಪಕ್ಕದ ಶಾಲೆಯ ಭೂಗೋಳದ ಮೇಡಂ ಫುಟ್‌ಪಾತಿಗೆ ಗುದ್ದಿಸಿದ ಸೈಕಲನ್ನು ದೂಡಿಕೊಂಡು ಬಂದರು. ಮುಂದಿನ ಚಕ್ರ ಸೊಟ್ಟಗಾಗಿತ್ತು. ಬೆಂಡಣ್ಣ ಅದನ್ನು ಬಿಚ್ಚಿ ಸ್ಟ್ಯಾಂಡಿಗೆ ಸಿಕ್ಕಿಸತೊಡಗಿದ.

"ನಾಡಿದ್ದಕ್ಕೆ ರೆಡಿ ಆಗ್ಬೇಕು ಬೆಂಡಣ್ಣ. ಸಂಜೆ ಚಂದ್ರಗ್ರಹಣ, ಮಕ್ಕಳನ್ನ ಮೈದಾನಕ್ಕೆ ಕರ್ಕೊಂಡು ಹೋಗಿ ತೋರಿಸ್ಬೇಕು."

ಬೆಂಡಣ್ಣನ ಕೈ ನಿಂತಿತು. "ಬರಿಗಣ್ಣಲ್ಲೇನಾ ಮೇಡಂ?"

"ಬರಿಗಣ್ಣಲ್ಲೇ. ಅದಕ್ಕೇನಾಗುತ್ತೆ?"

ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಅವನು ಒಂದೇ ಉಸಿರಿಗೆ ಹೇಳಿಬಿಟ್ಟ. ಮೇಡಂ ಸ್ಟೂಲು ಎಳೆದುಕೊಂಡು ಕೂತರು.

"ನಿಮ್ಮ ಕಣ್ಣು ಸುಟ್ಟಿದ್ದು ಸೂರ್ಯ. ದಿನಾ ಇರೋ ಸೂರ್ಯನೇ. ಬೇರೆ ದಿನ ಕಣ್ಣು ಕುಕ್ಕುತ್ತೆ, ನಾವೇ ಮುಖ ತಿರುಗಿಸ್ತೀವಿ. ಗ್ರಹಣದ ದಿನ ಚಂದ್ರ ಅಡ್ಡ ಬಂದು ಬೆಳಕು ಕಮ್ಮಿ ಆಗುತ್ತೆ, ಧೈರ್ಯವಾಗಿ ದಿಟ್ಟಿಸ್ತೀವಿ. ಮರೆ ಆಗದೆ ಉಳಿದ ಚೂರೇ ಸಾಕು ಸುಡೋಕೆ."

"ಮತ್ತೆ ಚಂದ್ರಂದು?"

"ಅಲ್ಲಿ ಅಡ್ಡ ಬರೋದು ನಾವು. ಆ ಕಡೆ ಸೂರ್ಯ, ಈ ಕಡೆ ಚಂದ್ರ, ನಡುವೆ ಭೂಮಿ. ನಮ್ಮ ನೆರಳು ಹೋಗಿ ಚಂದ್ರನ ಮೇಲೆ ಬೀಳುತ್ತೆ. ಹುಣ್ಣಿಮೆ ಚಂದ್ರನ್ನ ನೋಡಿದ್ರೇ ಏನೂ ಆಗಲ್ಲ, ಮಂಕಾದ ಚಂದ್ರನ್ನ ನೋಡಿದ್ರೆ ಏನಾಗುತ್ತೆ ಹೇಳಿ."

ಮೂಲೆಯಲ್ಲಿ ಹೊಲಿಗೆ ಯಂತ್ರದ ಸದ್ದು ಯಾವಾಗಲೋ ನಿಂತಿತ್ತು. ಬೆಂಡಣ್ಣ ತಲೆ ಕೆರೆದುಕೊಂಡ.

"ಹಾಗಾದ್ರೆ ತಿಂಗಳು ತಿಂಗಳೂ ಆಗ್ಬೇಕಲ್ಲ ಮೇಡಂ? ಹುಣ್ಣಿಮೆ ತಪ್ಪದೆ ಬರುತ್ತೆ, ಗ್ರಹಣ ಯಾಕೆ ಬರಲ್ಲ?"

"ಒಳ್ಳೆ ಪ್ರಶ್ನೆ. ಚಂದ್ರ ಸುತ್ತೋ ದಾರಿ ಸ್ವಲ್ಪ ಓರೆ" ಎಂದ ಮೇಡಂ, ತೋರಿಸಲು ಏನಾದರೂ ಸಿಕ್ಕೀತೇ ಎಂದು ಅತ್ತಿತ್ತ ನೋಡಿದರು. ಹುಡುಕುವುದೇನು ಬಂತು, ಅವರ ಚಕ್ರವೇ ಸ್ಟ್ಯಾಂಡಿನಲ್ಲಿತ್ತಲ್ಲ. ಬೆಂಡಣ್ಣ ಅದನ್ನು ಮೆಲ್ಲಗೆ ತಿರುಗಿಸಿದ. ರಿಮ್ಮಿನ ಅರ್ಧ ಭಾಗ ಎಡಕ್ಕೆ ವಾಲಿ ಹೋಯಿತು, ಇನ್ನರ್ಧ ಬಲಕ್ಕೆ.

"ನಡುಮಧ್ಯ ಬರೋದು ಎರಡೇ ಕಡೆ" ಎಂದು ಆ ಎರಡು ಜಾಗವನ್ನೂ ಬೆರಳಿಟ್ಟು ತೋರಿಸಿದ.

"ಅಷ್ಟೇ ಕಣ್ರೀ! ಚಂದ್ರ ಆ ಜಾಗದ ಹತ್ರ ಇರುವಾಗ ಹುಣ್ಣಿಮೆ ಬಂದ್ರೆ ನಮ್ಮ ನೆರಳಿಗೆ ಸಿಗ್ತಾನೆ, ಅಮಾವಾಸ್ಯೆ ಬಂದ್ರೆ ಸೂರ್ಯನಿಗೆ ಅಡ್ಡ ಆಗ್ತಾನೆ. ಉಳಿದ ತಿಂಗಳೆಲ್ಲ ಮೇಲಿಂದಲೋ ಕೆಳಗಿಂದಲೋ ನುಣುಚ್ಕೋತಾನೆ."

"ಅಂದ್ರೆ ಅಲ್ಲೂ ಬೆಂಡಿದೆ." ಬೆಂಡಣ್ಣನಿಗಾದ ಖುಷಿ ಹೇಳತೀರದು.

"ದಯವಿಟ್ಟು ಅದನ್ನ ತೆಗೀಬೇಡಿ" ಎಂದು ಮೇಡಂ ನಕ್ಕು ಎದ್ದರು.

ಅವರು ಅತ್ತ ಹೋದದ್ದೇ ತಡ, ಹೆಂಡತಿ ಇತ್ತ ಶುರು ಮಾಡಿದಳು. "ಹೆಚ್ಚುಕಮ್ಮಿ ಆದ್ರೆ ಹೋಗೋ ಕಣ್ಣು ಅವರದಲ್ಲ."

"ಅಷ್ಟು ಬಿಡಿಸಿ ಹೇಳಿದ್ರಲ್ಲ, ನಿನಗೆ ಅರ್ಥ ಆಗ್ಲಿಲ್ವೇನೇ?"

"ಎಲ್ಲಾ ಅರ್ಥ ಆಯ್ತು. ಅರ್ಥ ಆದ್ರೆ ಹೆದರಿಕೆ ಹೋಗ್ಬಿಡುತ್ತೇನ್ರೀ?"

ನಿಜ ಹೇಳಬೇಕೆಂದರೆ ಹೆದರಿಕೆ ಬೆಂಡಣ್ಣನಿಗೂ ಹೋಗಿರಲಿಲ್ಲ.

ಗ್ರಹಣದ ಸಂಜೆ ಮೈದಾನದ ಕಡೆಯಿಂದ ಮಕ್ಕಳ ಗಲಾಟೆ ಕೇಳಿಸಿತು. ಬೆಂಡಣ್ಣ ತಾರಸಿಯ ಮೆಟ್ಟಿಲು ಹತ್ತಿದ. ಕೊನೆಯ ಮೆಟ್ಟಿಲಲ್ಲಿ ಕಾಲು ಮುಷ್ಕರ ಹೂಡಿತು. ತಲೆ ಬಗ್ಗಿಸಿ ನಿಂತಿದ್ದಾಗ ಹಿಂದೆ ಹೆಂಡತಿಯ ಹೆಜ್ಜೆ ಕೇಳಿಸಿತು. ಎಳೆದುಕೊಂಡು ಹೋಗಲು ಬಂದಳು ಎಂದುಕೊಂಡ. ಅವಳು ಅವನನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋದಳು.

"ನೀವು ಅಲ್ಲೇ ಇರಿ. ಮೊದಲು ನಾನು ನೋಡ್ತೀನಿ. ನನ್ನ ಹತ್ರ ಎರಡಿವೆ."

ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು ಅವಳು ಮುಖವೆತ್ತಿದಳು. ಬೆಂಡಣ್ಣ ಮೆಟ್ಟಿಲಿನಿಂದಲೇ ಕೂಗಿದ.

"ಉರಿ ಇಲ್ಲ ಅಂತ ನಂಬ್ಕೋಬೇಡ ಕಣೇ. ನನಗೂ ಇರ್ಲಿಲ್ಲ. ಗೊತ್ತಾಗೋದು ಬೆಳಿಗ್ಗೆ."

"ಅದು ನನಗೂ ಗೊತ್ತು. ಬೆಳಿಗ್ಗೆ ನನಗೆ ನಿಮ್ಮ ಮುಖ ಸರಿಯಾಗಿ ಕಂಡ್ರೆ, ಮುಂದಿನ ಗ್ರಹಣ ನೀವು ನೋಡಿ."

ಬೆಂಡಣ್ಣ ಆ ಮೆಟ್ಟಿಲು ಹೇಗೆ ಹತ್ತಿದನೋ ಅವನಿಗೇ ತಿಳಿಯದು. ಅವಳ ಪಕ್ಕಕ್ಕೆ ಹೋಗಿ, ಕಣ್ಣಿನ ಮೇಲಿದ್ದ ಕೈಯನ್ನು ಹಿಡಿದು ಕೆಳಗಿಳಿಸಿದ. "ಎರಡರಲ್ಲೂ ನೋಡು" ಎಂದ. ಆ ಕೈಯನ್ನು ಬಿಡದೆ ತಾನೂ ತಲೆಯೆತ್ತಿದ.

ಚಂದ್ರನ ಒಂದು ಅಂಚು ಕಪ್ಪಾಗಿತ್ತು. ಆ ಕಪ್ಪು ದುಂಡಗೆ, ನಿಧಾನವಾಗಿ ಒಳಗೆ ಸರಿಯುತ್ತಿತ್ತು.

"ನಮ್ಮದೇ ನೆರಳು ಕಣೇ ಅದು" ಎಂದ ಬೆಂಡಣ್ಣ. "ನಾವಿಬ್ರೂ ಅದರೊಳಗೇ ಇದೀವಿ."

"ಸುಮ್ನಿರಿ" ಎಂದಳು ಹೆಂಡತಿ, ಕಣ್ಣು ಕೀಳದೆ. "ನೋಡೋಕೆ ಬಿಡಿ."