ಅಕ್ಕನ ಬೆರಳು, ನನ್ನ ಪೆಪ್ಟೈಡ್

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಅಕ್ಕನ ತೋರುಬೆರಳಿಗೆ ಮಷಿನ್ ಸೂಜಿ ಹೊಕ್ಕಿದೆಯೆಂದು ನನಗೆ ಗೊತ್ತಾಗುವ ಹೊತ್ತಿಗೆ ಬೆರಳು ಬದನೆಕಾಯಿಯಂತೆ ಊದಿತ್ತು. ಲ್ಯಾಬಿಗೆ ರಜೆ ಹಾಕಿ ಊರಿಗೆ ಓಡಿದೆ.

ಅವರ ಹೊಲಿಗೆ ಶೆಡ್ಡಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇದೆ. ನೋವು ಇಳಿದವರು ಉಳಿದ ಆಂಟಿಬಯೋಟಿಕ್ ಮಾತ್ರೆಗಳನ್ನು ಅದರಲ್ಲಿ ಹಾಕುತ್ತಾರೆ, ಮುಂದೆ ಗಾಯವಾದವರು ತೆಗೆದು ನುಂಗುತ್ತಾರೆ. ಅಕ್ಕನೂ ಹಾಗೇ ಕೆಲವು ಮಾತ್ರೆ ನುಂಗಿ, ನೋವು ಇಳಿದ ಕೂಡಲೇ ಉಳಿದವನ್ನು ಡಬ್ಬಿಗೆ ಹಾಕಿದ್ದಳು; ಆಮೇಲೆ ಬೆರಳು ಮತ್ತೆ ಊದಿತ್ತು.

"ಅರ್ಧಕ್ಕ ಬಿಡಬ್ಯಾಡ ಅಂತ ಎಷ್ಟ್ ಸಲ ಹೇಳೀನಿ?" ಎಂದು ಕೂಗಾಡಿದೆ.

"ನೋವು ಹೋತು. ಉಳಿದಿದ್ದು ಇನ್ನೊಬ್ರಿಗೆ ಆಗ್ಲಿ ಅಂತ ಹಾಕಿದೆ. ಅದ್ರಾಗ ಏನ್ ತಪ್ಪೈತಿ?"

ಯಾರ ಮೇಲೆ ರೇಗುವುದು? ಒಬ್ಬರಿಗೊಬ್ಬರು ಆಗುವ ಆ ಒಳ್ಳೆಯ ಮನಸ್ಸೇ ಮಾತ್ರೆಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಸಾಕುತ್ತಿತ್ತು. ಇಂಥವನ್ನು ಕೊಲ್ಲುವುದೇ ನನ್ನ ಕೆಲಸ. ಬ್ಯಾಕ್ಟೀರಿಯಾದೊಳಗೆ ಪ್ರೋಟೀನು ತಯಾರಾಗುವ ಜಾಗ ರೈಬೋಸೋಮ್. ಅದರ ಬಾಯಿಗೆ ಬಿರಡೆ ಹಾಕುವಂಥ ಪೆಪ್ಟೈಡನ್ನು, ಅಂದರೆ ಪ್ರೋಟೀನಿನ ಒಂದು ಪುಟ್ಟ ತುಂಡನ್ನು, ನಾವು ವಿನ್ಯಾಸ ಮಾಡುತ್ತೇವೆ. ಗಾಜಿನ ತಟ್ಟೆಯಲ್ಲಿ ಅದು ಹುಲಿ. ರಕ್ತದಲ್ಲಿ ಹಾಕಿ ನೋಡಿದರೆ ಅಲ್ಲಿನ ಕಿಣ್ವಗಳು ಅದನ್ನು ಚೂರುಚೂರು ಮಾಡುತ್ತವೆ. ಚೂರಾಗದಂತೆ ಒಂದು ಕೊಂಡಿ ಬದಲಿಸಿದರೆ ಬ್ಯಾಕ್ಟೀರಿಯಾದ ಒಳಗೇ ಹೋಗುವುದಿಲ್ಲ. ವರ್ಷಗಳಿಂದ ಇದೇ ಗೋಳು. ಸಾಕುಸಾಕಾಗಿದೆ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಕೀವು ಪರೀಕ್ಷಿಸಿದರು. ಅಕ್ಕ ಸುಮ್ಮನಿರಬೇಕಲ್ಲ! "ನಮ್ಮ ತಂಗಿ ಹೊಸ ಔಷಧ ಕಂಡುಹಿಡಿಯಾಕತ್ತಾಳ್ರಿ," ಎಂದು ನರ್ಸಿನಿಂದ ಹಿಡಿದು ಡಾಕ್ಟರವರೆಗೆ ಎಲ್ಲರಿಗೂ ಸಾರಿದಳು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

ರಿಪೋರ್ಟು ಬಂತು. ಮಾತ್ರೆಗಳು ಯಾವುವೂ ಕೆಲಸ ಮಾಡುವುದಿಲ್ಲ. ಉಳಿದ ಒಂದು ಇಂಜೆಕ್ಷನ್ ಸೋಂಕು ಕೈಗೆ ಏರದಂತೆ ತಡೆದೀತು, ಆದರೆ ಬೆರಳಿನ ಮೂಳೆ ಆಗಲೇ ಕೆಟ್ಟಿದೆ, ಬೆರಳನ್ನೇ ತೆಗೆಯಬೇಕು ಎಂದರು ಡಾಕ್ಟರು. ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳುವುದು ಅದೇ ಬೆರಳು.

ಅಕ್ಕ ಅಳಲಿಲ್ಲ. ಡಾಕ್ಟರಿಗೆ, "ಸ್ವಲ್ಪ ತಡೀರಿ," ಎಂದು ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

"ನಿನ್ನ ಔಷಧ ಬರೋತನ ಕಾಯಾಣೇನು?"

ಡಾಕ್ಟರೂ ನನ್ನನ್ನೇ ನೋಡುತ್ತಿದ್ದರು.

"ಬ್ಯಾಡಕ್ಕ," ಎಂದೆ. "ತೆಗೀಲಿ."